ಮಂಗನ ಕಾಯಿಲೆಯ ಬೆನ್ನು ಹತ್ತಿ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಮಿತಿಯವರು ಫೋನ್ ಮಾಡಿ, "ಸಾಫ್ಟ್‌ವೇರ್ ಬಗ್ಗೆ ನಾಲ್ಕು ಮಾತಾಡು, ಮಕ್ಕಳಿಗೆ ಸ್ಫೂರ್ತಿ ಆಗಲಿ" ಅಂದರು. ಮಂಗನ ಕಾಯಿಲೆ ಬಗ್ಗೆ ಮಾತಾಡ್ತೇನೆ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಹಬ್ಬದ ಮನೆಯಲ್ಲಿ ಜ್ವರದ ಸುದ್ದಿ ಯಾಕೆ ಅನಿಸಿರಬೇಕು. ನಾನು ಓದಿದ್ದು ಬಿ.ಇ., ಡಾಕ್ಟರಲ್ಲ. ತಪ್ಪು ಹೇಳಿದರೆ ಸಭೆಯಲ್ಲಿರುವ ವೈದ್ಯರು ಇಲ್ಲೇ ತಿದ್ದಬೇಕು.

2019ರ ಜನವರಿಯಲ್ಲಿ ಅಮ್ಮನಿಗೆ ಜ್ವರ ಬಂತು. ಬೆಂಗಳೂರಿನಲ್ಲಿದ್ದ ನಾನು ಫೋನಿನಲ್ಲೇ ವೈದ್ಯನಾದೆ. "ವೈರಲ್ ಜ್ವರ ಇರ್ತದೆ, ಮಾತ್ರೆ ತಗೊಂಡು ಮಲಗು" ಅಂದೆ. ತಲೆನೋವು, ಸೊಂಟ ಮುರಿದ ಹಾಗೆ ನೋವು ಅಂದಳು. ಅಂಗಡಿಯಿಂದ ನೋವಿನ ಮಾತ್ರೆ ತರಿಸಿಕೊಂಡು ನುಂಗಿದಳು. ರಕ್ತಸ್ರಾವ ಆಗಬಹುದಾದ ಜ್ವರದಲ್ಲಿ ಕೆಲವು ನೋವಿನ ಮಾತ್ರೆಗಳೇ ಅಪಾಯ ಎನ್ನುವುದು ನನಗೆ ಆಗ ಗೊತ್ತಿರಲಿಲ್ಲ. ಮೂರನೆಯ ದಿನ ಒಸಡಿನಲ್ಲಿ ರಕ್ತ ಕಂಡಾಗ ಓಡಿ ಬಂದೆ. ಒಂದು ಕಡೆ ಡೆಂಗಿ ಪರೀಕ್ಷೆ ಮಾಡಿದರು, ಅದು ಅಲ್ಲ ಅಂತ ಬಂತು. ಇನ್ನೊಂದು ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬರು ಅಮ್ಮನ ಕೈ ಹಿಡಿದು ಕೇಳಿದರು: "ದರಕಿಗೆ ಹೋಗಿದ್ರಾ ಅಮ್ಮಾ?"

ಹೋಗಿದ್ದಳು. ಕೊಟ್ಟಿಗೆಗೆ ಹಾಸಲು ದರಕು ಬೇಕಲ್ಲ. ಮೂರು ದಿನ ದಿನಕ್ಕೆ ಮೂರು ಸಲ ಫೋನ್ ಮಾಡಿದ ಮಗನಿಗೆ ಆ ಒಂದು ಪ್ರಶ್ನೆ ಹೊಳೆದಿರಲಿಲ್ಲ, ಇದೇ ಊರಿನಲ್ಲಿ ಹುಟ್ಟಿ ಬೆಳೆದವನಿಗೆ.

ಅಮ್ಮ ಉಳಿದಳು, ಈಗ ಅಲ್ಲಿ ಮೂರನೆಯ ಸಾಲಿನಲ್ಲಿ ಕೂತಿದ್ದಾಳೆ. ಅವಳ ಜೊತೆ ದರಕಿಗೆ ಹೋಗಿದ್ದ ಪಕ್ಕದ ಮನೆಯ ಅಕ್ಕ ಉಳಿಯಲಿಲ್ಲ. ಅವರ ಹೆಸರು ಹೇಳುವುದಿಲ್ಲ, ನಿಮಗೆಲ್ಲ ಗೊತ್ತು. ಅದಾದ ಮೇಲೆ ಈ ಕಾಯಿಲೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ.

ಕ್ಯಾಸನೂರು ಪಕ್ಕದ ಸೊರಬ ತಾಲೂಕಿನ ಹಳ್ಳಿ. 1957ರಲ್ಲಿ ಅಲ್ಲಿಯ ಕಾಡಿನಲ್ಲಿ ಮಂಗ, ಮುಸಿಯಗಳು ಸತ್ತು ಬೀಳತೊಡಗಿದವು, ಸುತ್ತಲ ಊರುಗಳಲ್ಲಿ ಜನರಿಗೆ ಜ್ವರ ಬಂತು. ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರ ಶುರುವಾಗಿ ಆಗ ಐದೇ ವರ್ಷ. ಇವತ್ತಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅದೇ. ಅದರ ನಿರ್ದೇಶಕ ಟೆಲ್ಫೋರ್ಡ್ ವರ್ಕ್ ಮತ್ತು ಅವರ ತಂಡಕ್ಕೆ ಮೊದಲು ಬಂದದ್ದು ದೊಡ್ಡ ಭಯ. ಮಂಗವೂ ಸಾಯುತ್ತದೆ, ಮನುಷ್ಯನಿಗೂ ಜ್ವರ ಬರುತ್ತದೆ ಅಂದರೆ ಅದು ಆಫ್ರಿಕಾ, ದಕ್ಷಿಣ ಅಮೆರಿಕಗಳ ಹಳದಿ ಜ್ವರ ಇರಬಹುದೇ? ನಮ್ಮ ದೇಶಕ್ಕೆ ಅದು ಬಂದದ್ದೇ ಇಲ್ಲ. ಅದನ್ನು ಹರಡುವ ಸೊಳ್ಳೆ ಮಾತ್ರ ಇಲ್ಲಿ ಬೇಕಾದಷ್ಟಿದೆ.

ರೋಗಿಗಳ ರಕ್ತವನ್ನೂ ಸತ್ತ ಮಂಗಗಳ ಅಂಗಾಂಶವನ್ನೂ ಪುಣೆಗೆ ಒಯ್ದು ಇಲಿಮರಿಗಳಿಗೆ ಚುಚ್ಚಿ ವೈರಸ್ಸನ್ನು ಬೇರ್ಪಡಿಸಿದರು. ಅದು ಹಳದಿ ಜ್ವರದ್ದಲ್ಲ, ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಬರುವ ಮೆದುಳು ಜ್ವರದ ವೈರಸ್ಸಿನ ಸಂಬಂಧಿ. ಹಾಗಾಗಿ ಸೊಳ್ಳೆಯನ್ನು ಬಿಟ್ಟು ಉಣುಗಿನ ಹಿಂದೆ ಬಿದ್ದರು. ಸಾಗರದಲ್ಲೇ ಒಂದು ಕ್ಷೇತ್ರ ಕೇಂದ್ರ ತೆರೆದರು. ಉಣುಗು ಹಿಡಿಯುವ ವಿಧಾನ ಕೇಳಿ: ಬಿಳಿಯ ಬಟ್ಟೆಯೊಂದನ್ನು ಕಾಡಿನ ನೆಲದ ಮೇಲೆ ಎಳೆದುಕೊಂಡು ಹೋಗುವುದು, ಹತ್ತಿದ್ದನ್ನು ಆರಿಸಿ ಎಣಿಸುವುದು. ಅಷ್ಟೇ. ದಿನಗಟ್ಟಲೆ, ವರ್ಷಗಟ್ಟಲೆ. ನಮ್ಮ ಕೆಲಸದಲ್ಲಿ ಪ್ರೋಗ್ರಾಮಿನ ತಪ್ಪು ಹುಡುಕಲು ಒಂದು ರಾತ್ರಿ ಕೂತರೆ ಮರುದಿನ ರಜೆ ಕೇಳುತ್ತೇವೆ. ಇವರಲ್ಲಿ ಎಷ್ಟೋ ಜನ ಪ್ರಯೋಗಾಲಯದಲ್ಲಿ ಅದೇ ಜ್ವರ ಹತ್ತಿಸಿಕೊಂಡರು. ಹಕ್ಕಿಗಳು ಉಣುಗನ್ನು ದೂರದಿಂದ ಹೊತ್ತು ತಂದವೇ ಎಂಬ ಅನುಮಾನವೂ ಇತ್ತು. ಸಲೀಂ ಅಲಿಯವರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ವಲಸೆ ಅಧ್ಯಯನ ಮಾಡಲು ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಟ್ಟದ್ದರ ಹಿಂದೆ ನಮ್ಮ ಈ ಜ್ವರವೂ ಇತ್ತು ಎಂದು ಓದಿದಾಗ ನನಗೆ ಒಂದು ಥರ ಹೆಮ್ಮೆಯೇ ಆಯಿತು.

ಅವರು ಕಂಡುಕೊಂಡದ್ದು ಇಷ್ಟು. ಉಣುಗಿಗೆ ಮೂರು ವಯಸ್ಸು. ಮರಿಗಳು ಇಲಿ, ಹಕ್ಕಿ, ಮಂಗಗಳ ಮೈಮೇಲೆ ರಕ್ತ ಹೀರುತ್ತವೆ. ನಡುವಿನ ವಯಸ್ಸಿನದು ಎಳ್ಳಿಗಿಂತ ಸಣ್ಣದು. ಮಳೆಗಾಲ ಮುಗಿದು ದರಕು ಒಣಗುವ ಕಾಲಕ್ಕೆ ಅದರ ಸಂಖ್ಯೆ ಏರುತ್ತದೆ. ಮನುಷ್ಯನನ್ನು ಹೆಚ್ಚಾಗಿ ಕಚ್ಚುವುದು ಅದೇ. ಡಿಸೆಂಬರಿನಿಂದ ಮೇ ತನಕ ಕಾಯಿಲೆ ಬರುವುದು ಅದಕ್ಕೇ. ದೊಡ್ಡ ಉಣುಗುಗಳಿಗೆ ದನದ ಮೈ ಬೇಕು. ದನಕ್ಕೆ ಕಾಯಿಲೆ ಬರುವುದಿಲ್ಲ, ಆದರೆ ಕಾಡಿಗೆ ಮೇಯಲು ಹೋದ ದನ ಉಣುಗಿನ ಸಂತಾನ ಬೆಳೆಸುತ್ತದೆ. ಹೋರ್ಹೆ ಬೋಶೆಲ್ ಎಂಬ ವಿಜ್ಞಾನಿ 1969ರಲ್ಲೇ ಇದನ್ನು ಬರೆದರು: ಕಾಡು ಕಡಿದು ನಾವೂ ನಮ್ಮ ದನವೂ ಒಳಗೆ ಹೋದದ್ದೇ ಈ ಜ್ವರ ಎದ್ದು ಬರಲು ಕಾರಣ ಎಂದು. ಎಲ್ಲರಿಗೂ ಹಿಡಿಸುವ ಮಾತಲ್ಲ, ತೋಟದವರ ಮನೆಯವನಾದ ನನಗೂ ಹಿಡಿಸಲಿಲ್ಲ.

ಇನ್ನು ಮಂಗ. ಅದನ್ನು ಬೈಯುತ್ತೇವೆ, ಪಾಪ, ಅದು ನಮ್ಮ ಹಾಗೆಯೇ ರೋಗಿ. ಆದರೆ ಮಂಗ ಸತ್ತು ಬಿದ್ದಾಗ ಮೈಮೇಲಿನ ಸೋಂಕಿನ ಉಣುಗುಗಳು ಸುತ್ತ ಚೆಲ್ಲಿಹೋಗುತ್ತವೆ. ಅದಕ್ಕೇ ಆ ಜಾಗ ಅಪಾಯ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ, ಅಮ್ಮನನ್ನು ನೋಡಲು ಬರಲು ಹೆದರಿದ ನೆಂಟರಿಗೆ ಇದನ್ನು ಈಗಲಾದರೂ ಹೇಳುತ್ತೇನೆ. ಮಕ್ಕಳೇ, ಕೆನ್ನೆ ಊದುವ ಮಂಗನ ಬಾವು ಬೇರೆ, ಇದು ಬೇರೆ.

ಪರೀಕ್ಷೆಯ ವಿಷಯ. ಜ್ವರದ ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಸ್ಸೇ ಇರುತ್ತದೆ, ಅದನ್ನು ಕೋವಿಡ್ ಕಾಲದಲ್ಲಿ ಎಲ್ಲರಿಗೂ ಪರಿಚಯವಾದ ಆರ್‌ಟಿ-ಪಿಸಿಆರ್ ಹಿಡಿಯುತ್ತದೆ. ಆಮೇಲೆ ದೇಹ ತಯಾರಿಸುವ ಪ್ರತಿಕಾಯಗಳನ್ನು ಹುಡುಕುವುದು ಎಲೈಸಾ ಪರೀಕ್ಷೆ. ಆದ್ದರಿಂದ ಜ್ವರ ಶುರುವಾದ ದಿನ ಯಾವುದು ಅಂತ ಡಾಕ್ಟರು ಕೇಳಿದರೆ ಅಂದಾಜಿನಲ್ಲಿ ಹೇಳಬೇಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಡಾಕ್ಟರು ಕೇಳದಿದ್ದರೂ, "ಕಾಡಿಗೆ ಹೋಗಿದ್ದೆ" ಅಂತ ನೀವೇ ಹೇಳಿ. ವೈರಸ್ಸನ್ನೇ ಕೊಲ್ಲುವ ಔಷಧಿ ಇನ್ನೂ ಇಲ್ಲ. ನೀರಿನ ಅಂಶ, ರಕ್ತಸ್ರಾವ, ಪ್ಲೇಟ್‌ಲೆಟ್ ನೋಡಿಕೊಂಡು ರೋಗಿಯನ್ನು ದಾಟಿಸಬೇಕು. ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ ಎನ್ನುತ್ತವೆ ಪುಸ್ತಕಗಳು. ಕೆಲವರಿಗೆ ಜ್ವರ ಇಳಿದು ಒಂದೆರಡು ವಾರದಲ್ಲಿ ಮತ್ತೆ ಬರುತ್ತದೆ. ಪಕ್ಕದ ಮನೆಯ ಅಕ್ಕನಿಗೆ ಹಾಗೇ ಆಯಿತು. ಇಳಿಯಿತು ಅಂತ ಎದ್ದು ಕೊಟ್ಟಿಗೆ ಕೆಲಸಕ್ಕೆ ಹೋಗಿದ್ದರು.

ಲಸಿಕೆಯ ಮಾತು ಬಂದರೆ ನಾನು ಅಮ್ಮನ ಕ್ಷಮೆ ಕೇಳಬೇಕು. ಅವಳು ಒಂದು ಸೂಜಿ ಹಾಕಿಸಿಕೊಂಡು, ತೋಳು ಉರಿಯುತ್ತದೆಂದು ಎರಡನೆಯದಕ್ಕೆ ಹೋಗಿರಲಿಲ್ಲ. "ಓದಿಲ್ಲದವರ ಹಾಗೆ ಆಡಬೇಡ" ಅಂತ ಬೈದಿದ್ದೆ. ಈ ಲಸಿಕೆಯ ಕತೆ ಉದ್ದ. ಮೊದಮೊದಲು ರಷ್ಯಾದ ಕಾಯಿಲೆಗೆ ಮಾಡಿದ್ದ ಲಸಿಕೆಯನ್ನು ಇಲ್ಲಿ ಪ್ರಯೋಗಿಸಿದರು, ರಕ್ಷಣೆ ಸಿಗಲಿಲ್ಲ. ಆಮೇಲೆ ಕೋಳಿ ಭ್ರೂಣದ ಜೀವಕೋಶಗಳಲ್ಲಿ ವೈರಸ್ ಬೆಳೆಸಿ, ಫಾರ್ಮಾಲಿನ್‌ನಿಂದ ಕೊಂದು ನಮ್ಮದೇ ಲಸಿಕೆ ಮಾಡಿದರು. 1990ರಿಂದ ರಾಜ್ಯದಲ್ಲಿ ಕೊಟ್ಟರು. 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದನ್ನು ಅಳೆದು ನೋಡಿತು: ಎರಡು ಡೋಸಿಗೆ ಶೇ. 62ರಷ್ಟು ರಕ್ಷಣೆ, ಬೂಸ್ಟರ್ ಸೇರಿದರೆ ಶೇ. 83ರಷ್ಟು, ಒಂದೇ ಡೋಸಿನಿಂದ ಪ್ರಯೋಜನ ಕಾಣಲಿಲ್ಲ. ಪೂರ್ತಿ ಹಾಕಿಸಿಕೊಂಡವರಿಗೂ ಕಾಯಿಲೆ ಬಂದದ್ದನ್ನು ಊರಿನವರು ಕಣ್ಣಾರೆ ಕಂಡಿದ್ದರು. 2022ರಲ್ಲಿ ಅದರ ಬಳಕೆಯನ್ನೇ ನಿಲ್ಲಿಸಲಾಯಿತು. ಹೊಸ ಲಸಿಕೆಯ ಕೆಲಸವನ್ನು ಐಸಿಎಂಆರ್ ಕೈಗೆತ್ತಿಕೊಂಡಿದೆ. ಎರಡನೆಯ ಸೂಜಿ ತಪ್ಪಿಸಿದ್ದು ಅಮ್ಮನ ತಪ್ಪೇ. ಆದರೆ ಸೂಜಿಯ ಬಗ್ಗೆ ಊರಿನವರಿಗಿದ್ದ ಅನುಮಾನ ಬರೀ ಅಜ್ಞಾನವಾಗಿರಲಿಲ್ಲ.

"ನೀನೊಂದು ಆ್ಯಪ್ ಮಾಡು" ಅನ್ನುತ್ತಾರೆ ಗೆಳೆಯರು. ಮಾಡಬಹುದು. ಮಂಗ ಸಾಯುವ ಜಾಗದಲ್ಲಿ ನೆಟ್‌ವರ್ಕ್ ಇರಬೇಕಲ್ಲ! ಅದಕ್ಕೆ ಒಂದು ದಪ್ಪ ನೋಟ್‌ಬುಕ್ ತಂದು ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಇಟ್ಟಿದ್ದೇನೆ. ಸತ್ತ ಮಂಗ ಕಂಡ ಮಕ್ಕಳು ಹತ್ತಿರ ಹೋಗದೆ, ಮುಟ್ಟದೆ, ದಿನಾಂಕ ಮತ್ತು ಜಾಗವನ್ನು ಅದರಲ್ಲಿ ಬರೆಯಬೇಕು. ಮೇಷ್ಟ್ರು ಅದೇ ದಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಬೇಕು. ಸರ್ ಒಪ್ಪಿದ್ದಾರೆ. ಕಾಡಿಗೆ ಹೋಗುವವರು ಮೈಗೆ ಹಚ್ಚುವ ತೈಲವನ್ನು ಆರೋಗ್ಯ ಕೇಂದ್ರದಿಂದ ತಂದಿಟ್ಟುಕೊಳ್ಳಿ. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ. ಅಮ್ಮ ಈಗಲೂ ದರಕಿಗೆ ಹೋಗುತ್ತಾಳೆ. ಬೇಡ ಅಂದರೆ, "ಹಾಗಾದ್ರೆ ದನಕ್ಕೆ ನಿನ್ನ ಲ್ಯಾಪ್‌ಟಾಪ್ ಹಾಸ್ಲಾ?" ಅಂತ ಕೇಳುತ್ತಾಳೆ.

ಆ ಅಕ್ಕನ ಮಗ ಈಗ ಇದೇ ಶಾಲೆಯಲ್ಲಿ ಒಂಬತ್ತನೆಯ ತರಗತಿ. ಅವನನ್ನು ಕೇಳಿಯೇ ಇಷ್ಟು ಹೇಳಿದ್ದೇನೆ. ನಿನ್ನೆ ಸಂಜೆ ಚಪ್ಪರ ಕಟ್ಟುವಾಗ ಪಕ್ಕಕ್ಕೆ ಬಂದು ನಿಂತು, "ಅಣ್ಣಾ, ನಮ್ಮ ಶಾಲೆಯ ಸೂಕ್ಷ್ಮದರ್ಶಕದಲ್ಲಿ ಉಣುಗಿನ ಬಾಯಿ ಕಾಣ್ತದಾ?" ಅಂದ. ಕಾಡಿಂದ ಹಿಡಿದು ತರಬೇಡ ಮಾರಾಯ, ಗಾಜಿನ ಪಟ್ಟಿಯ ಮೇಲೆ ಕೂರಿಸಿದ್ದು ಎಲ್ಲಾದರೂ ಸಿಗ್ತದಾ ನಾನು ವಿಚಾರಿಸ್ತೇನೆ ಅಂದೆ. ನಾನು ಹತ್ತನೆಯ ತರಗತಿಯಲ್ಲಿದ್ದಾಗಲೇ ಆ ಸೂಕ್ಷ್ಮದರ್ಶಕದ ಲೆನ್ಸಿಗೆ ಬೂಷ್ಟು ಹಿಡಿದಿತ್ತು. ವಿಜ್ಞಾನದ ಮೇಷ್ಟ್ರೇ, ಪ್ರಯೋಗಾಲಯದ ಬೀರುವಿನ ಕೀಲಿ ಈಗ ಯಾರ ಹತ್ತಿರ ಇದೆ? ಊಟ ಆದ ಮೇಲೆ ಅದನ್ನೊಂದು ತೆಗೆದು ನೋಡೋಣ.