ಒಸಡಿನ ರಕ್ತವೂ ರಕ್ತದ ಸಕ್ಕರೆಯೂ



ಮಧುಮೇಹಕ್ಕೆ ತಪ್ಪದೆ ಮಾತ್ರೆ ಸೇವಿಸುತ್ತಿದ್ದ ರೈತರೊಬ್ಬರ ಸಕ್ಕರೆ ಇಳಿಯದೇ ಇತ್ತು. ಜೊತೆಗೆ ಬಂದಿದ್ದ ಅವರ ಪತ್ನಿ, "ಇವರು ಹಲ್ಲುಜ್ಜಿ ಉಗುಳಿದರೆ ರಕ್ತ ಬರುತ್ತದೆ, ಡಾಕ್ಟರೇ" ಎಂದು ಸಂಕೋಚದಿಂದ ತಿಳಿಸಿದರು. ಆ ಮಾತೇ ಚಿಕಿತ್ಸೆಗೆ ದಾರಿ ತೋರಿಸಿತು.

ಹಲ್ಲಿನ ಬುಡದಲ್ಲಿ ನಿಂತ ಕೊಳೆಯಲ್ಲಿ ಅಸಂಖ್ಯ ಸೂಕ್ಷ್ಮಾಣುಗಳು ಬೆಳೆಯುತ್ತವೆ. ಅವುಗಳಿಂದ ಒಸಡು ಊದಿ, ರಕ್ತ ಒಸರಿ, ಕಾಲಕ್ರಮದಲ್ಲಿ ಹಲ್ಲುಗಳು ಸಡಿಲವಾಗುತ್ತವೆ. ಈ ಉರಿಯೂತವು ಬಾಯಿಯಲ್ಲಿಯೇ ನಿಲ್ಲದು. ಅದರಿಂದ ಹುಟ್ಟಿದ ವಸ್ತುಗಳು ರಕ್ತವನ್ನು ಸೇರಿ ಇನ್ಸುಲಿನ್ನಿನ ಕಾರ್ಯಕ್ಕೆ ಅಡ್ಡಿಪಡಿಸುತ್ತವೆ, ಸಕ್ಕರೆ ಏರುತ್ತದೆ. ಏರಿದ ಸಕ್ಕರೆಯು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿ ಒಸಡಿನ ರೋಗವನ್ನು ಬೆಳೆಸುತ್ತದೆ. ಹೀಗೆ ಒಂದು ರೋಗವು ಇನ್ನೊಂದನ್ನು ಪೋಷಿಸುತ್ತದೆ.

ಇಂತಹ ರೋಗಿಗಳು ದಂತವೈದ್ಯರಿಂದ ಹಲ್ಲಿನ ಬುಡವನ್ನು ಶುದ್ಧಿ ಮಾಡಿಸಿಕೊಂಡರೆ, ಮೂರು ತಿಂಗಳ ಸಕ್ಕರೆಯ ಮಟ್ಟವನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಶೇಕಡಾ 8 ಇದ್ದ ಅಂಕಿಯು ಸರಾಸರಿ 7.6ರಷ್ಟಕ್ಕೆ ಇಳಿಯಬಲ್ಲದು. ಆದರೆ ಇದು ಮಾತ್ರೆಗೆ ಬದಲಲ್ಲ, ಮಾತ್ರೆಯನ್ನು ನಿಲ್ಲಿಸಬೇಡಿರಿ.

ದಿನಕ್ಕೆ ಎರಡು ಬಾರಿ ಮೃದುವಾದ ಬ್ರಷ್ಷಿನಿಂದ ಹಲ್ಲುಜ್ಜಿರಿ. ಇದ್ದಿಲು, ಬೂದಿಗಳಿಂದ ತಿಕ್ಕದಿರಿ. ಹೊಗೆಸೊಪ್ಪನ್ನೂ ಬೀಡಿಯನ್ನೂ ತ್ಯಜಿಸಿರಿ. ಒಸಡಿನಲ್ಲಿ ರಕ್ತ ಕಂಡರೆ ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಿಗೆ ತೋರಿಸಿರಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆಯ ಪರೀಕ್ಷೆಯನ್ನೂ ಮಾಡಿಸಿರಿ. 30 ವರ್ಷ ದಾಟಿದವರು ರಕ್ತ ಕಾಣುವವರೆಗೆ ಕಾಯಬೇಕಾಗಿಲ್ಲ.

ಆ ರೈತರ ಪತ್ನಿ ಪತಿಯ ವಿಷಯವನ್ನು ಹೇಳಿದರು. ತಮ್ಮ ಒಸಡಿನಲ್ಲಿಯೂ ರಕ್ತ ಬರುತ್ತಿದ್ದುದನ್ನು ನಾನು ಕೇಳಿದ ಮೇಲೆಯೇ ತಿಳಿಸಿದರು. ಆದುದರಿಂದ, ಗೃಹಸ್ಥರೇ, ನಿಮ್ಮ ಪತ್ನಿ ಹೇಳಲೆಂದು ಕಾಯದೆ ನೀವೇ ವಿಚಾರಿಸಿರಿ. ಇಬ್ಬರೂ ಜೊತೆಯಾಗಿಯೇ ಪರೀಕ್ಷೆಗೆ ಬನ್ನಿರಿ.