ಕ್ಯಾನ್ಸರ್ ಹೇಗೆ ಹರಡುತ್ತದೆ?



'ಗಂಟಿಗೆ ಕತ್ತರಿ ಹಾಕಿದರೆ ಕ್ಯಾನ್ಸರ್ ಹರಡುತ್ತದೆ' ಎಂಬ ಭಯ ನಮ್ಮ ಭಾಗದಲ್ಲಿ ಬಹಳ. ಈ ಭಯದಿಂದಲೇ ಎಷ್ಟೋ ಜನ ತಡವಾಗಿ ಆಸ್ಪತ್ರೆಗೆ ಹೋಗುತ್ತಾರೆ. ನಿಜವಾಗಿ ಅದು ಹರಡುವ ಬಗೆಯೇ ಬೇರೆ.

ಕೆನ್ನೆಯ ಒಳಪದರದ ಜೀವಕೋಶಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಈ ಹಿಡಿತದಲ್ಲಿ ಮುಖ್ಯವಾದುದು ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನು. ಕ್ಯಾಡ್ಹೆರಿನ್‌ಗಳನ್ನು 1980ರ ದಶಕದಲ್ಲಿ ಗುರುತಿಸಿ ಹೆಸರಿಟ್ಟವರು ಜಪಾನಿನ ವಿಜ್ಞಾನಿ ಮಸಾತೋಶಿ ತಾಕೇಯಿಚಿ. ಗೋಡೆಯ ಗಾರೆಯನ್ನು ಹೊರಗಿನಿಂದ ತುಂಬುತ್ತೇವೆ. ಇಲ್ಲಿ ಹಾಗಲ್ಲ, ಅಕ್ಕಪಕ್ಕದ ಎರಡೂ ಕೋಶಗಳು ತಾವೇ ಕೈ ಚಾಚಿ ಹಿಡಿಯುತ್ತವೆ. ಅದಕ್ಕೆ ಕ್ಯಾಲ್ಸಿಯಂ ಬೇಕು.

ಬಾಯಿ ಕ್ಯಾನ್ಸರ್ ಬೆಳೆದಂತೆ ಅನೇಕ ಸಲ ಈ ಪ್ರೋಟೀನು ಕಡಿಮೆಯಾಗುತ್ತದೆ. ಕೈ ಬಿಟ್ಟ ಕೋಶವು ಇಂಟೆಗ್ರಿನ್ ಎಂಬ ಬೇರೆ ಅಣುಗಳ ನೆರವಿನಿಂದ ಒಳಗೆ ನುಸುಳಿ, ದುಗ್ಧನಾಳದ ಮೂಲಕ ಕುತ್ತಿಗೆಯ ಗ್ರಂಥಿ ಸೇರುತ್ತದೆ. ವಿಚಿತ್ರವೆಂದರೆ, ಹೊಸ ಜಾಗದಲ್ಲಿ ನೆಲೆಸುವಾಗ ಕೆಲವು ಕೋಶಗಳು ಇ-ಕ್ಯಾಡ್ಹೆರಿನನ್ನು ಮತ್ತೆ ತಯಾರಿಸಿಕೊಳ್ಳುತ್ತವೆ! ಅಂದರೆ ಹಿಡಿತ ಸಡಿಲುವುದು ಕೋಶದೊಳಗಿನ ಬದಲಾವಣೆಯಿಂದ. ಬಾಯಿಯಲ್ಲಿ ಪರೀಕ್ಷೆಗೆಂದು ಚೂರು ತೆಗೆಯುವ ಬಯಾಪ್ಸಿಗೆ ಹೆದರಬೇಕಾಗಿಲ್ಲ.

ಹೆದರಬೇಕಾದುದು ತಂಬಾಕಿಗೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಕೂಡಲೇ ಪಾನ್ ಮಸಾಲಾ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಆಯಿತು. ಅಂಗೈಯಲ್ಲಿ ಕೂಡಿಸಿದರೆ ಮತ್ತದೇ ಗುಟ್ಕಾ. ಎಂಥ ಜಾಣತನ!

ಬಾಯಿಯ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಮೂರು ವಾರದಲ್ಲಿ ಮಾಯದಿದ್ದರೆ, ನೋವಿಲ್ಲದಿದ್ದರೂ ತೋರಿಸಿ. ಕುತ್ತಿಗೆಯ ಗ್ರಂಥಿಗೆ ಹರಡಿದರೆ ಬದುಕುಳಿಯುವ ಸಂಭವ ಸುಮಾರು ಅರ್ಧಕ್ಕಿಳಿಯುತ್ತದೆ. ಅಮ್ಮಿನಬಾವಿಯವರು ದೂರ ಹೋಗಬೇಕಿಲ್ಲ. ಕ್ಯಾನ್ಸರ್ ಆಸ್ಪತ್ರೆ ಹುಬ್ಬಳ್ಳಿಯ ನವನಗರದಲ್ಲೇ ಇದೆ.