ಮೊಬೈಲ್ ದುರಸ್ತಿ: ರೈತರ ಮಕ್ಕಳಿಗೊಂದು ಉಪಕಸುಬು

(ಸಭಾಸದರ ಸಭೆಯಲ್ಲಿ ಕಾರಖಾನೆಯ ವಿದ್ಯುತ್ ವಿಭಾಗದ ಹಿರಿಯ ತಂತ್ರಜ್ಞರು ಮಾಡಿದ ಭಾಷಣ)



ಕಬ್ಬಿನ ಸಭೆಯಲ್ಲಿ ಮೊಬೈಲಿನ ಮಾತೇಕೆ ಎಂದು ತಮಗೆ ಅನಿಸಬಹುದು. ಆದರೆ ಇಂದು ಸಾತ್‌ಬಾರಾ ಉತಾರ ನೋಡುವುದು ಮೊಬೈಲಿನಲ್ಲಿ. ಬ್ಯಾಂಕಿಗೆ ಬಿಲ್ಲು ಜಮೆಯಾದ ಸುದ್ದಿ ಬರುವುದು ಮೊಬೈಲಿಗೆ. ಕಿಸಾನ್ ಸಮ್ಮಾನ್ ನಿಧಿಯ ಓಟಿಪಿ ಬರುವುದೂ ಅದಕ್ಕೇ. ಅದು ಕೆಟ್ಟು ಕೂತರೆ ತಾಲೂಕಿನ ಪೇಟೆಗೆ ಓಡಬೇಕು. ಒಂದು ದಿನದ ಕೆಲಸ ಹಾಳು, ಬಸ್ಸಿನ ಖರ್ಚು ಬೇರೆ. ಇನ್ನೊಂದು ಕಡೆ, ಅಣ್ಣತಮ್ಮಂದಿರ ಹಿಸ್ಸೆಯಾಗಿ ಹೊಲ ತುಂಡಾಗುತ್ತಿದೆ. ಎರಡೆಕರೆ ಕಬ್ಬು ನಾಲ್ಕು ಸಂಸಾರ ಸಾಕಲಾರದು. ಮನೆಯಲ್ಲಿ ಒಬ್ಬರಾದರೂ ಕೈಕಸುಬು ಕಲಿಯುವುದು ಈಗ ಅಗತ್ಯವಾಗಿದೆ.

ಈ ವಿದ್ಯೆಯ ಮೂಲಸೂತ್ರ ತಮಗೆ ಹೊಸದಲ್ಲ. ಬೋರ್‌ವೆಲ್ಲಿನ ಪಂಪು ನಿಂತರೆ ತಾವು ಮೊದಲೇ ಮೋಟಾರು ಮೇಲೆತ್ತುವುದಿಲ್ಲ. ಕರೆಂಟು ಇದೆಯೇ, ಫ್ಯೂಜು ಹೋಗಿದೆಯೇ, ಸ್ಟಾರ್ಟರ್ ಸರಿಯಿದೆಯೇ ಎಂದು ನೋಡುತ್ತೀರಿ. ಮೊಬೈಲಿಗೂ ಇದೇ ಕ್ರಮ. ಚಾರ್ಜ್ ಆಗುತ್ತಿಲ್ಲ ಎಂದು ಒಬ್ಬರು ಫೋನು ತಂದರೆನ್ನಿ. ಮೊದಲು ಬೇರೆ ಕೇಬಲ್, ಬೇರೆ ಚಾರ್ಜರ್ ಹಾಕಿ ನೋಡಬೇಕು. ಆಮೇಲೆ ಚಾರ್ಜಿಂಗ್ ಕಿಂಡಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ಜೇಬಿನ ನೂಲು, ಹೊಲದ ಮಣ್ಣು ಅಲ್ಲಿ ಗಟ್ಟಿಯಾಗಿ ಕೂತಿರುವುದುಂಟು. ಫೋನು ಬಂದ್ ಮಾಡಿ, ಮೃದುವಾದ ಬ್ರಷ್ಷಿನಿಂದಲೋ ಸಣ್ಣ ಕಟ್ಟಿಗೆಯ ಕಡ್ಡಿಯಿಂದಲೋ ಅದನ್ನು ಮೆಲ್ಲಗೆ ತೆಗೆಯಬೇಕು, ಸೂಜಿ ಹಾಕಬಾರದು. ಇಷ್ಟಾದರೂ ಆಗದಿದ್ದರೆ ಮಾತ್ರ ಫೋನು ಬಿಚ್ಚಿ, ಮಲ್ಟಿಮೀಟರಿನಿಂದ ಬ್ಯಾಟರಿ ಅಳೆಯಬೇಕು. ಲಿಥಿಯಂ ಬ್ಯಾಟರಿ ಸಾಮಾನ್ಯವಾಗಿ 3.7 ವೋಲ್ಟಿನ ಆಸುಪಾಸು, ತುಂಬಿದಾಗ 4.2 ಅಥವಾ ಅದಕ್ಕೂ ತುಸು ಹೆಚ್ಚು ತೋರಿಸುತ್ತದೆ. 3 ವೋಲ್ಟಿಗಿಂತ ಕೆಳಗಿದ್ದರೆ ಬೇರೆ ಒಳ್ಳೆಯ ಬ್ಯಾಟರಿ ಹಾಕಿ ಪರೀಕ್ಷಿಸಬೇಕು. ಅನಂತರ ಚಾರ್ಜಿಂಗ್ ಬೋರ್ಡು. ಮುಖ್ಯ ಬೋರ್ಡಿಗೆ ಕೈ ಹಚ್ಚುವುದು ಕಟ್ಟಕಡೆಗೆ. ಈ ಕ್ರಮ ಬಲ್ಲವನು ಗಿರಾಕಿಯ ಹಣ ಉಳಿಸುತ್ತಾನೆ. ಬಲ್ಲದವನು ಹತ್ತು ರೂಪಾಯಿಯ ಕಸಕ್ಕೆ ಸಾವಿರದ ಬೋರ್ಡು ಬದಲಿಸುತ್ತಾನೆ. ಟ್ಯಾಬ್ಲೆಟ್ಟಿಗೂ ಕ್ರಮ ಇದೇ. ಆದರೆ ಅದರ ಗಾಜು ದೊಡ್ಡದು, ಅಂಟಿನಿಂದ ಕೂಡಿಸಿದ್ದು. ಹದವಾಗಿ ಕಾಯಿಸಿ, ತಾಳ್ಮೆಯಿಂದ ಬಿಡಿಸಬೇಕು.

ಎರಡು ಎಚ್ಚರಿಕೆಯ ಮಾತು. ಉಬ್ಬಿದ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು, ಬೆಂಕಿ ಹತ್ತುತ್ತದೆ. ಹಳೆಯ ಬ್ಯಾಟರಿಯನ್ನು ಹೊಲದ ರವದಿಯಲ್ಲಿ ಎಸೆಯಬೇಡಿರಿ, ಸುಡಬೇಡಿರಿ. ಕಾಲುವೆಯಲ್ಲಿ ಬಿದ್ದ ಫೋನನ್ನು ಕೂಡಲೇ ಬಂದ್ ಮಾಡಿರಿ, ಚಾರ್ಜಿಗೆ ಹಚ್ಚಬೇಡಿರಿ. ಅಕ್ಕಿಯಲ್ಲಿ ಹುಗಿದಿಡುವ ಉಪಾಯದಿಂದ ಒಳಗಿನ ನೀರು ಹೋಗದು. ಬೇಗ ಬಿಚ್ಚಿ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಬೋರ್ಡು ತೊಳೆದು ಒಣಗಿಸಿದರೆ ಉಳಿಯುವ ಸಂಭವ ಹೆಚ್ಚು.

ಕೈಯ ನೈಪುಣ್ಯಕ್ಕಿಂತ ದೊಡ್ಡದು ಪ್ರಾಮಾಣಿಕತೆ. ದುರಸ್ತಿಗೆ ಕೊಟ್ಟ ಫೋನಿನಲ್ಲಿ ಒಂದು ಮನೆತನದ ಬ್ಯಾಂಕಿನ ಕೀಲಿ, ಹೆಣ್ಣುಮಕ್ಕಳ ಫೋಟೊ, ಎಲ್ಲವೂ ಇರುತ್ತವೆ. ಸಿಮ್ಮನ್ನು ಗಿರಾಕಿಯ ಎದುರೇ ತೆಗೆದು ಅವರ ಕೈಗೆ ಕೊಡಬೇಕು. ತೆಗೆದ ಹಳೆಯ ಭಾಗವನ್ನು ತೋರಿಸಬೇಕು. ಪ್ರತಿ ಫೋನಿಗೂ 15 ಅಂಕಿಗಳ ಐಎಂಇಐ ಸಂಖ್ಯೆಯುಂಟು. ಅದನ್ನು ತಿದ್ದಿಕೊಡು ಎಂದು ಯಾರಾದರೂ ಹಣ ತೋರಿಸಿದರೆ ಕೈಮುಗಿದು ಕಳಿಸಬೇಕು; 2023ರ ದೂರಸಂಪರ್ಕ ಕಾಯ್ದೆಯಂತೆ ಅದಕ್ಕೆ ಮೂರು ವರ್ಷದವರೆಗೆ ಸೆರೆವಾಸವಾಗಬಹುದು. ಒಮ್ಮೆ ನಂಬಿಕೆ ಹೋದರೆ ಹಳ್ಳಿಯಲ್ಲಿ ಅಂಗಡಿ ನಡೆಯದು.

ಎಲ್ಲಿ ಕಲಿಯಬೇಕು? 1982ರಲ್ಲಿ ಧರ್ಮಸ್ಥಳದ ಸಮೀಪದ ಉಜಿರೆಯಲ್ಲಿ ಗ್ರಾಮೀಣ ಯುವಕರ ಸ್ವಯಂ ಉದ್ಯೋಗಕ್ಕಾಗಿ ರುಡ್‌ಸೆಟ್ ಸಂಸ್ಥೆ ಹುಟ್ಟಿತು. ಅದೇ ಮಾದರಿಯಲ್ಲಿ ಮುಂದೆ ದೇಶದ ಜಿಲ್ಲೆಜಿಲ್ಲೆಗಳಲ್ಲಿ ಬ್ಯಾಂಕುಗಳು ಆರ್‌ಸೆಟಿ ಕೇಂದ್ರಗಳನ್ನು ತೆರೆದವು. ಅಲ್ಲಿನ ಮೊಬೈಲ್ ದುರಸ್ತಿಯ ತರಬೇತಿ 30 ದಿನಗಳದು; ಶುಲ್ಕವಿಲ್ಲ, ಊಟ ವಸತಿಯೂ ಉಚಿತ. ಜಿಲ್ಲೆಯ ಲೀಡ್ ಬ್ಯಾಂಕಿನಲ್ಲಿ ವಿಚಾರಿಸಿರಿ. ನಮ್ಮ ಕನ್ನಡ ಶಾಲೆಯ ಮಕ್ಕಳು ಮರಾಠಿ ಪಾಠಕ್ಕೆ ಅಂಜಬೇಕಾಗಿಲ್ಲ. ಬೋರ್ಡು, ಫ್ಲಕ್ಸ್, ಸೋಲ್ಡರಿಂಗ್ ಎಂಬ ಮಾತುಗಳು ಎರಡೂ ಭಾಷೆಗೆ ಒಂದೇ. ಉಳಿದದ್ದನ್ನು ಕಣ್ಣು, ಕೈ ಕಲಿಸುತ್ತವೆ.

ಆದರೆ 30 ದಿನ ಮುಗಿಯಿತೆಂದು ಸಾಲ ತೆಗೆದು ಅಂಗಡಿ ಹಾಕಿಕೊಡುವ ಅವಸರ ಬೇಡ. ಮೊದಲು ಸತ್ತ ಫೋನುಗಳ ಮೇಲೆ ಬೆಸುಗೆ ರೂಢಿಸಿಕೊಳ್ಳಲಿ. ನುರಿತವರ ಕೈಕೆಳಗೆ ಆರು ತಿಂಗಳಾದರೂ ದುಡಿಯಲಿ. ಒಂದು ಮಲ್ಟಿಮೀಟರ್, ಸಣ್ಣ ಸ್ಕ್ರೂಡ್ರೈವರುಗಳು, ಚಿಮಟ, ಬೆಸುಗೆಯ ಕಡ್ಡಿ ಇಷ್ಟಿದ್ದರೆ ಆರಂಭಕ್ಕೆ ಸಾಕು.

2022ರಲ್ಲಿ ಕೇಂದ್ರ ಸರ್ಕಾರವು ದುರಸ್ತಿಯ ಹಕ್ಕಿನ ಬಗೆಗೆ ಸಮಿತಿ ನೇಮಿಸಿದಾಗ, ಮೊದಲು ಆಯ್ದ ಕ್ಷೇತ್ರಗಳಲ್ಲಿ ಕೃಷಿ ಉಪಕರಣವೂ ಮೊಬೈಲ್, ಟ್ಯಾಬ್ಲೆಟ್ಟೂ ಜೊತೆಯಲ್ಲೇ ಇದ್ದವು. ಕೊಂಡ ವಸ್ತುವನ್ನು ಎಸೆಯದೆ ಸರಿಪಡಿಸಿ ಬಳಸುವುದು ರೈತನ ಹಳೆಯ ರೂಢಿ. ಕುಂಟೆ, ಕೂರಿಗೆಗಳ ಕಾಲದಿಂದ ಬಂದದ್ದು. ಗಾಳಪ ಹಂಗಾಮು ಮುಗಿದ ಬೇಸಿಗೆಯಲ್ಲಿ ಮಗನನ್ನಾಗಲಿ ಮಗಳನ್ನಾಗಲಿ ಈ ಕಲಿಕೆಗೆ ಕಳಿಸಿರೆಂದು ವಿನಂತಿಸಿ ನನ್ನ ಎರಡು ಮಾತು ಮುಗಿಸುತ್ತೇನೆ.

ಜೈ ಸಹಕಾರ.